ಅಲ್ಲಲ್ಲಿ ಬದನೆಕಾಯಿ ಬೀಳುವ ಸಂಭವ

ಎಂ.ಎಸ್ಸಿ. ಫಲಿತಾಂಶ ಬಂತು. ಸಸ್ಯಶಾಸ್ತ್ರದಲ್ಲಿ ಫಸ್ಟ್ ಕ್ಲಾಸ್. ಅಪ್ಪ ಈಗ ಕೋಲು ಹಿಡಿದು ತೋಟದ ಬೇಲಿವರೆಗೆ ಹೋಗಿ ಬರುತ್ತಾರೆ. ಈ ಎರಡು ಸುದ್ದಿಯನ್ನೂ ಒಟ್ಟಿಗೇ ಹೇಳಬೇಕು ಅಂತ ತುಂಬಾ ದಿನದಿಂದ ಕಾಯುತ್ತಿದ್ದೆ.

ಅಪ್ಪ ಆಸ್ಪತ್ರೆ ಸೇರಿದ ಕಥೆ ಮತ್ತೆ ಬರೆಯುವುದಿಲ್ಲ. ಇದನ್ನು ಓದುವವರಲ್ಲಿ ಜಾಸ್ತಿ ಜನಕ್ಕೆ ಅದು ಗೊತ್ತೇ ಇದೆ. ನಾನು ಧನ್ಯವಾದ ಹೇಳಬೇಕಿರುವುದು ಬೇರೆ ವಿಷಯಕ್ಕೆ. ಅಷ್ಟು ತಿಂಗಳೂ ನೀವು ಯಾರೂ ನನ್ನ ಮುಂದೆ ನಗುವುದನ್ನು ನಿಲ್ಲಿಸಲಿಲ್ಲ. ನನ್ನನ್ನು ನೋಡಿದ ತಕ್ಷಣ ದನಿ ತಗ್ಗಿಸಿ ಮಾತಾಡಲಿಲ್ಲ. ಹಾಸ್ಟೆಲಿನ ವಾರ ಹೇಗಿತ್ತೋ ಹಾಗೇ ಇರಲಿ ಅಂತ ಬಿಟ್ಟಿರಿ. ಅದರಲ್ಲಿ ನನಗೂ ಒಂದು ಜಾಗ ಇಟ್ಟುಕೊಂಡಿದ್ದಿರಿ.

ಹೆಸರು ಹಾಕಿದರೆ ಮಾತು ಬಿಡುತ್ತೇವೆ ಅಂತ ನನ್ನ ರೂಮಿನ ಮೂವರೂ ಹೇಳಿದ್ದಾರೆ. ಅದು ಕಷ್ಟವೇನಲ್ಲ. ಧಾರವಾಡದ ನಮ್ಮ ಹಾಸ್ಟೆಲಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. ಯಾವ ಊರಿನಿಂದ ಬಂದಿದ್ದಾಳೋ ಅದೇ ಹೆಸರು. ಹಾಗಾಗಿ ನಮ್ಮ ರೂಮಿನಲ್ಲಿ ಇದ್ದವರು ಬಾಗಲಕೋಟೆ, ಶಿರಸಿ, ರಾಯಚೂರು. ನಾನು ಹಾಸನ.

ನಮ್ಮ ವಾರ ಹೇಗಿರುತ್ತಿತ್ತು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಬೆಳಗ್ಗೆ ಬಿಸಿನೀರಿಗೆ ನಾವು ಸಾಲು ನಿಲ್ಲುತ್ತಿರಲಿಲ್ಲ, ನಮ್ಮ ಬಕೆಟ್‌ಗಳು ನಿಲ್ಲುತ್ತಿದ್ದವು. ಪ್ರತಿ ಬಕೆಟ್ ಮೇಲೂ ನೇಲ್ ಪಾಲಿಶ್‌ನಲ್ಲಿ ಊರಿನ ಹೆಸರು. ಐದೂವರೆಗೆ ಎದ್ದು ಬಕೆಟ್ ಇಟ್ಟು ಮತ್ತೆ ಹೋಗಿ ಮಲಗುವುದು, ಆರಕ್ಕೆ ಬಂದು ನೋಡಿದರೆ ವಿಜಯಪುರ ಹೇಗೋ ಗದಗವನ್ನು ದಾಟಿ ಮುಂದೆ ಬಂದಿರುವುದು. ಆಮೇಲೆ ಅರ್ಧ ಗಂಟೆ ಪಂಚಾಯಿತಿ.

ಲ್ಯಾಬಿನಲ್ಲಿ ಮೈಕ್ರೋಟೋಮ್ ದಿನ ಅಂದರೆ ಎಲ್ಲರಿಗೂ ಭಯ. ಅದು ತೆಳು ಪದರ ಕತ್ತರಿಸುವ ಯಂತ್ರ. ಮೇಣದಲ್ಲಿ ಕೂರಿಸಿದ ಕಾಂಡವನ್ನು 10 ಮೈಕ್ರಾನ್ ದಪ್ಪಕ್ಕೆ ಕತ್ತರಿಸಬೇಕು. ಅಂದರೆ ಒಂದು ಮಿಲಿಮೀಟರಿನಲ್ಲಿ ನೂರು ಪದರ. ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ಉದ್ದ ರಿಬ್ಬನ್ನಾಗಿ ಬರುತ್ತವೆ. ಉಸಿರು ಬಿಟ್ಟರೂ ಹಾರುತ್ತವೆ. ಕರೆಂಟ್ ಇಲ್ಲದ ಒಂದು ಮಧ್ಯಾಹ್ನ ರಾಯಚೂರು ಬೆವರು ಸುರಿಸುತ್ತಾ ಗೇಣುದ್ದದ ರಿಬ್ಬನ್ ತೆಗೆದಳು. ಮೇಡಮ್ ಬಗ್ಗಿ ನೋಡಿ "ಭಾಳ ಚಲೋ ಬಂದೈತಿ" ಅನ್ನುವುದಕ್ಕೂ ಕರೆಂಟ್ ಬರುವುದಕ್ಕೂ ಸರಿಹೋಯಿತು. ಫ್ಯಾನಿನ ಸ್ವಿಚ್ ಯಾರೂ ಆರಿಸಿರಲಿಲ್ಲ. ರಿಬ್ಬನ್ ಹೋಗಿ ಮೇಡಮ್ ಕನ್ನಡಕಕ್ಕೆ ಅಂಟಿತು. ಅವರು ಕನ್ನಡಕವನ್ನು ಹಾಗೇ ಮೆಲ್ಲಗೆ ತೆಗೆದು ರಾಯಚೂರಿನ ಕೈಗೆ ಕೊಟ್ಟು, "ಅಷ್ಟೂ ಸ್ಲೈಡಿಗೆ ತಗೋ, ಒಂದೂ ಹಾಳ ಮಾಡಬ್ಯಾಡ" ಅಂದರು.

ಅವತ್ತೇ ಸಂಜೆ ಅವಳ ಕೈಯೆಲ್ಲ ಸ್ಲೈಡಿಗೆ ಹಾಕುವ ಸಾಫ್ರನಿನ್ ಬಣ್ಣದ ಕೆಂಪು. ಆ ಬಣ್ಣ ಸೋಪಿಗೆ ಬಗ್ಗುವುದಿಲ್ಲ. ಮೆಸ್ಸಿನಲ್ಲಿ ರೊಟ್ಟಿ ಬಡಿಸುವ ಅವ್ವ ಆ ಅಂಗೈ ನೋಡಿ ನಿಂತೇಬಿಟ್ಟರು. "ಯವ್ವಾ, ನಿಶ್ಚಯ ಆತೇನ ನಿಂದು? ನಮಗ ಒಂದ ಮಾತ ಹೇಳಲಿಲ್ಲಲ್ಲ!" ಅವತ್ತು ರಾಯಚೂರಿನ ತಟ್ಟೆಗೆ ಎರಡು ಚಮಚ ತುಪ್ಪ ಜಾಸ್ತಿ ಬಿತ್ತು. ಮರುದಿನ ನಾವು ಮೂವರೂ ಅಂಗೈ ಕೆಂಪು ಮಾಡಿಕೊಂಡು ಸಾಲಿನಲ್ಲಿ ನಿಂತೆವು.

ಇನ್ನು ಆಡಿನ ವಿಷಯ. ಹರ್ಬೇರಿಯಂಗೆ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಕ್ಕೆ ಅಂತ ಮಳೆಗಾಲದಲ್ಲಿ ತಂದ ಗಿಡಗಳನ್ನು ಪೇಪರಿನ ಮಧ್ಯೆ ಇಟ್ಟು ಹಿತ್ತಲಲ್ಲಿ ಬಿಸಿಲಿಗೆ ಹರಡಿದ್ದೆವು. ಒಂದು ಆಡು ಗೇಟು ದಾಟಿ ಬಂದು ಗಿಡ, ಪೇಪರು, ಲೇಬಲ್ ಎಲ್ಲವನ್ನೂ ತಿಂದಿತು. ಹುಳ ಹಿಡಿಯದಿರಲಿ ಅಂತ ಹಚ್ಚುವ ಮರ್ಕ್ಯುರಿಕ್ ಕ್ಲೋರೈಡ್ ಅನ್ನು ಇನ್ನೂ ಹಚ್ಚಿರಲಿಲ್ಲ. ಆಡಿನ ಪುಣ್ಯ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆದರೆ ಒಂದು ಹಾಳೆ ಮಾತ್ರ ಹಾಗೇ ಉಳಿದಿತ್ತು. ಅದರಲ್ಲಿ ಇದ್ದದ್ದು ಆಡುಸೋಗೆ. ಅದನ್ನು ಆಡು ಮುಟ್ಟುವುದಿಲ್ಲ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ನಮಗೆ ಮೈ ಉರಿಯುತ್ತಿತ್ತು, ಸರ್ ಮಾತ್ರ ಖುಷಿಯಿಂದ ಇಡೀ ತರಗತಿಯನ್ನು ಕರೆದುಕೊಂಡು ಬಂದು ಆ ಹಾಳೆ ತೋರಿಸಿದರು. ನಾವು ಮತ್ತೆ ಹೋಗಿ ಅಷ್ಟೂ ಗಿಡ ಕಿತ್ತು ತಂದೆವು.

ಹಾಗೆ ಎರಡನೇ ಸಲ ತಂದ ಗಿಡಗಳು, ಅವನ್ನು ಒತ್ತಿ ಒಣಗಿಸುವ ಪ್ರೆಸ್ಸಿನಲ್ಲಿ ಇದ್ದಾಗಲೇ ಊರಿನಿಂದ ಫೋನ್ ಬಂದದ್ದು.

ಬಾಗಲಕೋಟೆಗೆ ಧನ್ಯವಾದ ಹೇಳಬೇಕು. ಇವಳೇ, ಇಲ್ಲಿಂದ ಮುಂದೆ ನಿನಗೆ ಮುಜುಗರ ಆಗುತ್ತೆ ಅಂತ ಗೊತ್ತು. ಆದರೂ ಓದು.

ರಾತ್ರಿ ಊಟ ಮುಗಿದಿತ್ತು. ಚಿಕ್ಕಪ್ಪ "ಸ್ವಲ್ಪ ಬಂದು ಹೋಗು ಮಗಾ" ಅಂದರು. ಹಾಗೆ ಅಂದರೆ ಏನು ಅಂತ ಯಾರಿಗೆ ತಾನೇ ಗೊತ್ತಾಗುವುದಿಲ್ಲ? ನಾನು ಮಂಚದ ಮೇಲೆ ಕೂತೇ ಇದ್ದೆ. ಅವಳು ಏನೂ ಕೇಳಲಿಲ್ಲ. ವಾರ್ಡನ್ ಮೇಡಮ್ ಹತ್ತಿರ ಹೋಗಿ ಮಾತಾಡಿದಳು. ಆಟೋ ಕರೆಸಿದಳು. ಇಬ್ಬರ ಬ್ಯಾಗೂ ಅವಳೇ ಹೆಗಲಿಗೆ ಹಾಕಿಕೊಂಡಳು. "ನೀನ್ಯಾಕೆ?" ಅಂದೆ. "ಹಾದ್ಯಾಗ ಮಾತಾಡ್ತಾ ಹೋಗೂಣು, ನಡಿ" ಅಂದಳು. ಮರುದಿನ ಅವಳ ಸೆಮಿನಾರ್ ಇತ್ತು ಅಂತ ನನಗೆ ಶಿರಸಿ ಹೇಳಿದ್ದು ಎಷ್ಟೋ ವಾರ ಆದ ಮೇಲೆ.

ರಿಸರ್ವೇಷನ್ ಎಲ್ಲಿ ಬರಬೇಕು? ಜನರಲ್ ಡಬ್ಬಿ. ಹುಬ್ಬಳ್ಳಿಯಲ್ಲಿ ಒಬ್ಬರು ಇಳಿದಾಗ ಒಂದು ಸೀಟು ಸಿಕ್ಕಿತು, ಅದರಲ್ಲೇ ಇಬ್ಬರೂ ಕೂತೆವು. ನನ್ನ ಫೋನ್ ಪದೇ ಪದೇ ಅಲ್ಲಾಡುತ್ತಿತ್ತು. ಪ್ರತಿ ಸಲವೂ ನನ್ನ ಕೈ ಅದಕ್ಕಿಂತ ಜಾಸ್ತಿ ಅಲ್ಲಾಡುತ್ತಿತ್ತು. ಅವಳು ಅದನ್ನು ಕಿತ್ತುಕೊಂಡಳು. "ಇದು ನನ್ನ ಕೈಯಾಗ ಇರಲಿ. ಬಂದ ಫೋನ್ ನಾ ಎತ್ತತೀನಿ. ಹೇಳೂದಿದ್ರ ನಾನ ಹೇಳ್ತೀನಿ. ನೀ ಸುಮ್ನ ಕೂಡು." ಆ ರಾತ್ರಿ ನನ್ನ ಮನೆಯವರ ಅಳುವನ್ನೆಲ್ಲ ಅವಳು ಕೇಳಿಸಿಕೊಂಡಳು. ನನ್ನ ಅಮ್ಮನನ್ನು ಅವಳು ಒಂದು ಸಲವೂ ನೋಡಿರಲಿಲ್ಲ. "ಅಮ್ಮಾರ, ನಾವು ಬರಾಕತ್ತೀವ್ರಿ, ನೀವು ಒಂದೀಟು ನೀರು ಕುಡೀರಿ" ಅಂತ ಮೆಲ್ಲಗೆ ಹೇಳುತ್ತಲೇ ಇದ್ದಳು. ನನ್ನ ಕಡೆ ತಿರುಗಿ ಬರೀ "ಡಾಕ್ಟರು ಅಲ್ಲೇ ಅದಾರಂತ" ಅನ್ನುತ್ತಿದ್ದಳು. ಬೇರೆ ಏನೇನು ಕೇಳಿಸಿಕೊಂಡಳೋ, ಇವತ್ತಿಗೂ ಹೇಳಿಲ್ಲ.

ಹಾವೇರಿ ದಾಟಿದ ಮೇಲೆ ನನಗೆ ಚಳಿ ಆಯಿತು. ಶಾಲು ತೆಗೆಯೋಣ ಅಂತ ಅವಳು ತನ್ನ ಬ್ಯಾಗ್ ತೆರೆದಳು. ಒಳಗೆ ಬಟ್ಟೆ ಇರಲಿಲ್ಲ, ಪ್ಲಾಂಟ್ ಪ್ರೆಸ್ ಇತ್ತು. ರೂಮಿನಲ್ಲಿ ಒಂದೇ ತರದ ಎರಡು ನೀಲಿ ಬ್ಯಾಗ್ ಇದ್ದವು, ಅವಸರದಲ್ಲಿ ಗಿಡದ ಬ್ಯಾಗ್ ಬಂದುಬಿಟ್ಟಿತ್ತು. ಒಂದು ಕ್ಷಣ ಅದನ್ನೇ ನೋಡಿದಳು. ಆಮೇಲೆ "ಬಂದೈತಲ್ಲ, ಪೇಪರ್ ಬದಲಿ ಮಾಡೂಣು" ಅಂದಳು. ಹಸಿ ಗಿಡಕ್ಕೆ ದಿನಾ ಪೇಪರ್ ಬದಲಾಯಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಆಡು ತಿಂದ ಮೇಲೆ ಕಷ್ಟಪಟ್ಟು ತಂದ ಗಿಡಗಳು ಬೇರೆ. ಎದುರಿನ ಸೀಟಿನವರ ಹತ್ತಿರ ಹಳೇ ಪೇಪರ್ ಇಸಿದುಕೊಂಡು ತೊಡೆ ಮೇಲೆ ಹರಡಿ ಶುರು ಮಾಡಿಯೇಬಿಟ್ಟಳು. ನನ್ನ ಕೈಗೂ ಒಂದೊಂದು ಗಿಡ ಕೊಟ್ಟಳು. ಎಲೆ ಮಡಚದಂತೆ ಹಿಡಿಯಬೇಕು, ಆಗ ಕೈ ನಡುಗಬಾರದು. ನನ್ನ ಕೈ ನಡುಗುವುದು ನಿಂತಿತು.

ಪಕ್ಕದಲ್ಲಿ ಕೂತಿದ್ದ ಅಜ್ಜ ಒಬ್ಬರು ಇದನ್ನೆಲ್ಲ ಬಹಳ ಹೊತ್ತಿನಿಂದ ನೋಡುತ್ತಿದ್ದರು. ಲಕ್ಕಿ ಗಿಡದ ಹಾಳೆ ಬಂದಾಗ ಅವರಿಗೆ ತಡೆಯಲು ಆಗಲಿಲ್ಲ. "ತಂಗೀ, ಇದು ಲಕ್ಕಿ ಅಲ್ಲೇನ? ಮೊಣಕಾಲಿಗೆ ಚಲೋ. ಒಂದೀಟು ಕೊಡವಾ."

"ಅಜ್ಜಾ, ಇವು ಔಷಧಕ್ಕಲ್ಲರಿ. ಪರೀಕ್ಷಾಕ್ಕ ಇಟ್ಟಾವ್ರಿ."

"ಆಗಲಿ ಬಿಡವಾ. ಪರೀಕ್ಷಾ ಮಾಡಿ ನೋಡು. ಗುಣ ಆತಂದ್ರ ಆಮ್ಯಾಲ ಕೊಡು."

ನನಗೆ ನಗು ಬಂತು. ಜೋರಾಗಿಯೇ ಬಂತು. ನಗುತ್ತಾ ಇದ್ದವಳು ಯಾವಾಗ ಅಳಲು ಶುರು ಮಾಡಿದೆನೋ ಗೊತ್ತಿಲ್ಲ. ಅಪ್ಪ ಅಲ್ಲಿ ಹಾಗೆ ಮಲಗಿರುವಾಗ ನನಗೆ ನಗು ಹೇಗೆ ಬಂತು ಅಂತ ಅವಳನ್ನೇ ಕೇಳಿದೆ. ಅವಳು ಉತ್ತರ ಹೇಳಲಿಲ್ಲ. ಗಿಡಗಳನ್ನೆಲ್ಲ ಪಕ್ಕಕ್ಕೆ ಇಟ್ಟು ನನ್ನ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು. ದಾವಣಗೆರೆ, ಬೀರೂರು, ಕಡೂರು, ಎಲ್ಲ ಕತ್ತಲಲ್ಲೇ ದಾಟಿದವು. ಅವಳು ಕಣ್ಣು ಮುಚ್ಚಲಿಲ್ಲ. ಅರಸೀಕೆರೆಯಲ್ಲಿ ಇಳಿಯುವಾಗ ಅಜ್ಜನ ಕೈಗೆ ಎರಡು ಲಕ್ಕಿ ಟೊಂಗೆ ಕೊಟ್ಟು, ಪ್ರೆಸ್ ಕಟ್ಟಿಕೊಂಡು ನನ್ನ ಕೈ ಹಿಡಿದುಕೊಂಡಳು. ಅಲ್ಲಿಂದ ಹಾಸನಕ್ಕೆ ಬೆಳಗಿನ ಬಸ್ಸು.

ಆಸ್ಪತ್ರೆಯಲ್ಲಿ ಅಮ್ಮ ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲ. ಚಿಕ್ಕಮ್ಮ ಮುದ್ದೆ, ಸೊಪ್ಪಿನ ಸಾರು ತಂದರು. ಅಮ್ಮ ಬೇಡ ಅಂದರು. ಬಾಗಲಕೋಟೆ ತಟ್ಟೆ ಹಾಕಿಕೊಂಡು ಕೂತಳು. ಮುದ್ದೆಯನ್ನು ರೊಟ್ಟಿ ಮುರಿದ ಹಾಗೆ ಮುರಿದು, ಬಾಯಿಗೆ ಇಟ್ಟು, ಅಗಿಯಲು ಶುರು ಮಾಡಿದಳು. ಅಗಿದಳು, ಅಗಿದಳು, ಅಗಿಯುತ್ತಲೇ ಇದ್ದಳು. ಅಮ್ಮ ಸ್ವಲ್ಪ ಹೊತ್ತು ನೋಡಿದರು. "ಅಯ್ಯೋ, ಹಾಗಲ್ಲ ಕಣವ್ವ" ಅಂತ ತಟ್ಟೆ ಎಳೆದುಕೊಂಡು, ತುತ್ತು ಮುರಿದು, ಸಾರಲ್ಲಿ ಅದ್ದಿ, ನುಂಗಿ ತೋರಿಸಿದರು. ಗೊತ್ತಾಗಲಿಲ್ಲ, ಇನ್ನೊಂದು ಸಲ ತೋರಿಸ್ರಿ ಅಂದಳು. ಅಮ್ಮ ಇನ್ನೊಂದು ನುಂಗಿದರು. ಹಾಗೆ ಅರ್ಧ ಮುದ್ದೆ ಹೋಯಿತು. ಬೇಕಂತಲೇ ಮಾಡಿದೆಯಾ ಅಂತ ಈಗಲೂ ಕೇಳುತ್ತೇನೆ. "ಇಲ್ಲಲೇ, ಖರೇನ ನುಂಗಾಕ ಬರಲಿಲ್ಲ" ಅನ್ನುತ್ತಾಳೆ. ನಾನು ನಂಬಿಲ್ಲ.

ಅವಳು ಧಾರವಾಡಕ್ಕೆ ವಾಪಸ್ ಹೋದ ಮೇಲೆ ಬಂದದ್ದು ಭಾನುವಾರದ ವಾರ್ತೆ.

ಅಪ್ಪ ರೇಡಿಯೋ ಮನುಷ್ಯ. ನಾನು ಧಾರವಾಡದಲ್ಲಿ ಸೀಟು ಸಿಕ್ಕಿತು ಅಂದಾಗ, ಅಲ್ಲಿನ ಆಕಾಶವಾಣಿ 1950ರಿಂದ ಇದೆ, ಮೊದಲು ಹೋಗಿ ಹೊರಗಿನಿಂದಲಾದರೂ ನೋಡಿಕೊಂಡು ಬಾ ಅಂದಿದ್ದರು. ಇದನ್ನು ನಾನು ಎಂದೋ ರೂಮಿನಲ್ಲಿ ಹೇಳಿದ್ದೆ. ಶಿರಸಿ ಅದನ್ನು ನೆನಪಿಟ್ಟುಕೊಂಡಿದ್ದಳು. ಆ ಭಾನುವಾರ ಫೋನಿಗೆ ಒಂದು ವಾಯ್ಸ್ ಮೆಸೇಜ್ ಬಂತು. ಅಪ್ಪನ ಕಿವಿಗೆ ಇಯರ್‌ಫೋನ್ ಇಟ್ಟೆ, ಇನ್ನೊಂದು ನನ್ನ ಕಿವಿಗೆ.

"ಹಾಸ್ಟೆಲ್ ಸಮಾಚಾರ. ಓದುತ್ತಿರುವವರು ಶಿರಸಿ. ಮೊದಲಿಗೆ ಮುಖ್ಯಾಂಶಗಳು. ಬಿಸಿನೀರಿನ ಸಾಲಿನಲ್ಲಿ ನಿಂತಿದ್ದ ಹಾಸನದ ಬಕೆಟ್ಟಿಗೆ ಒಡತಿ ಇಲ್ಲದಿದ್ದರೂ ಎರಡನೇ ಸ್ಥಾನ ಕಾಯ್ದಿರಿಸಲಾಗಿದೆ. ಹಿತ್ತಲ ಗೇಟಿನ ಬಳಿ ಆಡು ಮತ್ತೆ ಪ್ರತ್ಯಕ್ಷವಾಗಿದ್ದು, ವಿದ್ಯಾರ್ಥಿನಿಯರು ಕಟ್ಟೆಚ್ಚರ ವಹಿಸಿದ್ದಾರೆ. ಹವಾಮಾನ ವರದಿ. ಮೆಸ್ಸಿನಲ್ಲಿ ಮುಂದಿನ ಎರಡು ದಿನ ತಿಳಿಸಾರು ಮುಂದುವರಿಯಲಿದ್ದು, ಅಲ್ಲಲ್ಲಿ ಬದನೆಕಾಯಿ ಬೀಳುವ ಸಂಭವವಿದೆ."

ಅಪ್ಪನಿಗೆ ಆಗ ಮಾತು ಸರಿಯಾಗಿ ಬರುತ್ತಿರಲಿಲ್ಲ. ಹಿಂದಿನ ದಿನ ನನ್ನನ್ನು ಅತ್ತೆಯ ಹೆಸರಿನಿಂದ ಕರೆದಿದ್ದರು. ನಾನು ಮೆಟ್ಟಿಲ ಹತ್ತಿರ ಹೋಗಿ ಬಾಯಿಗೆ ವೇಲ್ ತುರುಕಿಕೊಂಡು ಅತ್ತಿದ್ದೆ. ಇನ್ನು ಇವರಿಗೆ ನಾನು ಯಾರೂ ಅಲ್ಲ ಅನಿಸಿತ್ತು. ಅದನ್ನು ಇಲ್ಲಿವರೆಗೆ ಯಾರಿಗೂ ಹೇಳಿಲ್ಲ. ಬದನೆಕಾಯಿ ಬಂದಾಗ ಅಪ್ಪನ ಹೊಟ್ಟೆ ಅಲುಗಿತು. ಬಾಯಿ ಒಂದು ಕಡೆಗೆ ಎಳೆಯಿತು. ನಾನು ಹೆದರಿ ಸಿಸ್ಟರನ್ನು ಕರೆದೆ. ಅವರು ನೋಡಿ, "ನಗ್ತಾ ಇದಾರೆ ಕಣಮ್ಮ" ಅಂದರು.

ಆಮೇಲೆ ಪ್ರತಿ ಭಾನುವಾರ ವಾರ್ತೆ ಬಂತು. ಪರೀಕ್ಷೆ ಇದ್ದರೂ ಬಂತು. ಪಕ್ಕದ ಹಾಸಿಗೆಯವರು "ನಮಗೂ ಕೇಳೋ ಹಾಗೆ ಹಾಕವ್ವ" ಅಂದ ಮೇಲೆ ಇಯರ್‌ಫೋನ್ ತೆಗೆದು ಸಣ್ಣ ದನಿಯಲ್ಲಿ ಹಾಕುತ್ತಿದ್ದೆ. ರಾಯಚೂರಿಗೆ ಕ್ರೀಡಾ ಸುದ್ದಿ ಕೊಟ್ಟಿದ್ದರು. ಜಿರಳೆ ಹಿಂದೆ ಓಡಿದ್ದು, ಕೊನೇ ಬಸ್ಸಿನ ಹಿಂದೆ ಓಡಿದ್ದು, ಎರಡೂ ಅದರಲ್ಲೇ ಬರುತ್ತಿದ್ದವು. ಅಪ್ಪ ತೊದಲುತ್ತಾ ಪೂರ್ತಿ ಹೇಳಿದ ಮೊದಲ ವಾಕ್ಯ "ಮೇಕೆ ಸಿಕ್ತಾ?"

ಶಿರಸಿ, ಆ ವಾರ್ತೆಗಳನ್ನು ನೀನು ಬರೆದು, ಓದಿ, ಎಡವಿದರೆ ಮತ್ತೆ ಓದಿ ಕಳಿಸುತ್ತಿದ್ದೆ ಅಂತ ರಾಯಚೂರು ಹೇಳಿದಳು. ನಿನ್ನ ಋಣ ದೊಡ್ಡದು.

ಎಪ್ಪತ್ತೈದು ಪರ್ಸೆಂಟ್ ಹಾಜರಿಯ ವಿಷಯದಲ್ಲಿ ದಾರಿ ತೋರಿಸಿದ ಮೇಡಮ್, ಪ್ರಾಕ್ಟಿಕಲ್ಸ್ ಬಿಡುವಿನಲ್ಲಿ ಮಾಡಿಸಿದ ಸರ್, ಅವತ್ತು ರಾತ್ರಿ ಗೇಟ್ ತೆಗೆಸಿದ ವಾರ್ಡನ್ ಮೇಡಮ್, ನೋಟ್ಸ್ ಫೋಟೋ ತೆಗೆದು ಕಳಿಸಿದ ಗದಗ ಮತ್ತು ವಿಜಯಪುರ, ಹಾಸನದ ವಾರ್ಡಿನ ಸಿಸ್ಟರ್‌ಗಳು, ನಮ್ಮ ಹಸು ನೋಡಿಕೊಂಡ ಪಕ್ಕದ ಮನೆಯವರು, ನಿಮ್ಮೆಲ್ಲರಿಗೂ ನಮಸ್ಕಾರ. ವಾಪಸ್ ಬಂದ ದಿನ ಏನೂ ಕೇಳದೆ ತಟ್ಟೆಗೆ ತುಪ್ಪ ಹಾಕಿದ ಮೆಸ್ಸಿನ ಅವ್ವ, ನಿಮಗೂ.

ಬಾಗಲಕೋಟೆ, ರೈಲಿನ ದುಡ್ಡು ನೀನು ಇಸಿದುಕೊಳ್ಳುವುದಿಲ್ಲ. ಅಮ್ಮ ಅದಕ್ಕೆ ರಾಗಿ ಹಿಟ್ಟು ಕಟ್ಟಿಟ್ಟಿದ್ದಾರೆ. ನುಂಗಲು ಕಲಿತುಕೊಂಡು ಬರಬೇಕಂತೆ.

ಅಪ್ಪ ಒಂದು ಮಾತು ಬರೆಯಲು ಹೇಳಿದ್ದಾರೆ. ಕೋರ್ಸ್ ಮುಗಿಯಿತು ಅಂತ ವಾರ್ತೆ ನಿಲ್ಲಿಸಬಾರದಂತೆ. ಈಗ ಮೂವರೂ ಮೂರು ಊರಿನಲ್ಲಿ ಇದ್ದೀರಿ, ಮೂರು ಕಡೆಯ ಸುದ್ದಿಯೂ ಬೇಕಂತೆ. ನಂಬರ್ ಬದಲಾಗಿಲ್ಲ. ಭಾನುವಾರ ರಾತ್ರಿ ಎಂಟರ ಒಳಗೆ ಕಳಿಸಿ, ಅಪ್ಪ ಬೇಗ ಮಲಗುತ್ತಾರೆ.