ಮಕ್ಕಳ ಆಟದ ಹೊತ್ತನ್ನು ಬರವಣಿಗೆಗೆ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಶಾಲೆಗಳಲ್ಲಿ ದಾಖಲಾತಿ ಶುರುವಾದಾಗಲೆಲ್ಲ ಅಂಗನವಾಡಿ ಬಾಗಿಲಲ್ಲಿ ಕೇಳಿಬರುವ ಪ್ರಶ್ನೆ ಒಂದೇ. 'ಇಲ್ಲಿ ಏನು ಬರೆಸ್ತೀರಾ ಟೀಚರ್?' ಬರೆಸಲ್ಲಮ್ಮ, ಆಡಿಸ್ತೀವಿ, ಹಾಡು ಹೇಳಿಸ್ತೀವಿ, ಕಥೆ ಹೇಳ್ತೀವಿ ಅಂದರೆ ಆ ತಾಯಿಯ ಮುಖ ಸಪ್ಪಗಾಗುತ್ತದೆ. ಸ್ವಲ್ಪ ದಿನಕ್ಕೆ ಅದೇ ಮಗು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ವ್ಯಾನ್ ಹತ್ತಿ ಪಕ್ಕದ ಊರಿನ ಕಾನ್ವೆಂಟಿಗೆ ಹೋಗುತ್ತಿರುತ್ತದೆ. ವಯಸ್ಸು ಮೂರೂವರೆ. ಬ್ಯಾಗಿನಲ್ಲಿ ನಾಲ್ಕು ಗೆರೆಯ ಪುಸ್ತಕ, ಸಂಜೆಗೆ ಹೋಮ್‌ವರ್ಕ್.

ನಾನು ತುಮಕೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಬಹಳ ವರ್ಷ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು, ಈಗ ನಿವೃತ್ತಳು. ಪತ್ರಿಕೆಗಳಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶದ ಬಗ್ಗೆ ಪುಟಗಟ್ಟಲೆ ಬರುತ್ತದೆ, ಆದರೆ ಆರು ವರ್ಷದೊಳಗಿನ ಮಕ್ಕಳು ದಿನವಿಡೀ ಏನು ಮಾಡುತ್ತಿದ್ದಾರೆ ಅಂತ ಬರೆಯುವವರು ಕಡಿಮೆ. ಅದಕ್ಕೇ ಈ ಪತ್ರ. ಈ ವಯಸ್ಸಿನ ಮಗುವಿಗೆ ಆಟವೇ ಪಾಠ. ಪಾಠ ಮುಗಿದ ಮೇಲೆ ಬಹುಮಾನದ ಹಾಗೆ ಕೊಡುವ ಹತ್ತು ನಿಮಿಷದ ಆಟದ ಬಗ್ಗೆ ನಾನು ಹೇಳುತ್ತಿಲ್ಲ.

ಮೊದಲು ಕೈಯಿಂದಲೇ ಶುರು ಮಾಡುತ್ತೇನೆ. ದೊಡ್ಡವರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಮೂರು ವರ್ಷದ ಮಗುವಿನಲ್ಲಿ ಅವುಗಳಲ್ಲಿ ಹೆಚ್ಚಿನವು ಇನ್ನೂ ಮೂಳೆಯೇ ಆಗಿರುವುದಿಲ್ಲ, ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ಬೆರಳಿನ ಸಣ್ಣ ಸ್ನಾಯುಗಳಿಗೂ ಬಲ ಬಂದಿರುವುದಿಲ್ಲ. ಅಂಥ ಕೈಗೆ ಪೆನ್ಸಿಲ್ ಕೊಟ್ಟು, ನಾಲ್ಕು ಗೆರೆಯ ಒಳಗೇ ಒಂದು ಪುಟ 'ಅ' ಬರಿ ಅಂದರೆ ಮಗು ಮುಷ್ಟಿ ಬಿಗಿಹಿಡಿದು ಒತ್ತಿ ಒತ್ತಿ ಬರೆಯುತ್ತದೆ, ಕೈ ನೋಯುತ್ತದೆ, ಅಳುತ್ತದೆ, ಆಮೇಲೆ ಅಮ್ಮನ ಕೈಯಲ್ಲಿ ಏಟು ತಿನ್ನುತ್ತದೆ. ನಮ್ಮ ಕನ್ನಡದ ಅಕ್ಷರಗಳೋ, ಎಲ್ಲ ದುಂಡಗೆ. ಸುತ್ತಿ ಸುತ್ತಿ ತಿರುಗಿಸಿ ಬರೆಯಬೇಕು. ಅದಕ್ಕೆ ಬೇಕಾದ ಬಲ ಮತ್ತು ಹಿಡಿತ ಬರುವುದು ಮಣ್ಣು ಕಲಸುವುದರಿಂದ, ಮಣಿ ಪೋಣಿಸುವುದರಿಂದ, ಚಪಾತಿ ಹಿಟ್ಟು ನಾದುವುದರಿಂದ, ಕಾಗದ ಹರಿಯುವುದರಿಂದ, ನೆಲದ ಮೇಲೆ ಬಳಪದಲ್ಲಿ ದೊಡ್ಡ ದೊಡ್ಡ ಸೊನ್ನೆ ಬಿಡಿಸುವುದರಿಂದ. (ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಗೆ ಮಣಿ, ಹುಣಸೆ ಬೀಜ ಕೊಡಬೇಡಿ, ಬಾಯಿಗೆ ಹಾಕಿಕೊಳ್ಳುತ್ತವೆ.)

ಕೆರೆ-ದಡ ಆಟ ಎಲ್ಲರಿಗೂ ಗೊತ್ತಲ್ವಾ? ಒಂದು ಗೆರೆ ಎಳೆದು, ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ. ಹೇಳುವವರು 'ಕೆರೆ' ಅಂದರೆ ಈ ಕಡೆ ಜಿಗಿಯಬೇಕು, 'ದಡ' ಅಂದರೆ ಆ ಕಡೆ. ಕೆರೆ, ದಡ, ಕೆರೆ, ದಡ ಅಂತ ಹೇಳುತ್ತಾ ಹೇಳುತ್ತಾ ತಟ್ಟನೆ 'ದಡ' ಅಂತ ಎರಡು ಸಲ ಅಂದಾಗ ಎಲ್ಲರೂ ಜಿಗಿದುಬಿಡುತ್ತಾರೆ. ಜಿಗಿಯದೆ ನಿಂತ ಮಗುವನ್ನು ಗಮನಿಸಿ. ಅದು ಕಿವಿಗೊಟ್ಟು ಕೇಳಿದೆ, ನಿಯಮ ನೆನಪಿಟ್ಟುಕೊಂಡಿದೆ, ಹೊರಟ ಕಾಲನ್ನು ತಾನೇ ತಡೆದು ನಿಲ್ಲಿಸಿದೆ. ಕೇಳಿಸಿಕೊಳ್ಳುವುದು, ನೆನಪಿಡುವುದು, ತನ್ನನ್ನು ತಾನು ತಡೆದುಕೊಳ್ಳುವುದು, ಇವೇ ಮುಂದೆ ಒಂದನೇ ತರಗತಿಯಲ್ಲಿ ಕೂತು ಕಲಿಯುವುದಕ್ಕೂ ಬೇಕು, ಜಗಳ ಬಂದಾಗ ಕೈ ಎತ್ತದೆ ಇರುವುದಕ್ಕೂ ಬೇಕು. 'ಸುಮ್ನೆ ಕೂತ್ಕೋ' ಅಂತ ನೂರು ಸಲ ಗದರಿದರೂ ಬಾರದ್ದು ಈ ಆಟದಲ್ಲಿ ನಗುತ್ತಾ ಬರುತ್ತದೆ.

ಅಡುಗೆ ಆಟದಲ್ಲೂ ಹಾಗೇ. ಇಟ್ಟಿಗೆ ಪುಡಿ ಖಾರದ ಪುಡಿಯಾಗುತ್ತದೆ, ಎಲೆ ದೋಸೆಯಾಗುತ್ತದೆ, ಕಡ್ಡಿ ಸೌಟಾಗುತ್ತದೆ. ದೊಡ್ಡವರಿಗೆ ಇದು ಕಾಲಹರಣ. ಆದರೆ ಒಂದು ವಸ್ತು ಇನ್ನೊಂದರ ಬದಲಿಗೆ ನಿಲ್ಲಬಹುದು ಅಂತ ಮಗುವಿಗೆ ಹೊಳೆಯುವುದು ಇಲ್ಲಿಯೇ. ಕಾಗದದ ಮೇಲಿನ ಒಂದು ಗೆರೆ ಬಾಯಿಂದ ಬರುವ ಸದ್ದಿನ ಬದಲಿಗೆ ನಿಲ್ಲುತ್ತದೆ ಅನ್ನುವುದೂ ಅಂಥದ್ದೇ ತಿಳಿವಳಿಕೆ, ಅಕ್ಷರ ಅಂದರೆ ಅದೇ ತಾನೆ. ಜೊತೆಗೆ ಮಾತು ಎಷ್ಟು ಬೆಳೆಯುತ್ತದೆ! 'ನೀನು ಅಜ್ಜಿ ಆಗು, ನಾನು ಡಾಕ್ಟ್ರು, ಇಂಜೆಕ್ಷನ್ ಕೊಡ್ತೀನಿ ಅಳಬಾರದು' ಅಂತ ಎರಡು ಮಕ್ಕಳು ಮಾತಾಡಿಕೊಳ್ಳುವಾಗ ಬಳಸುವಷ್ಟು ಪದ ಯಾವ ವರ್ಕ್‌ಬುಕ್ಕಿನಲ್ಲೂ ಇಲ್ಲ.

ಇನ್ನೊಂದು ವಿಷಯ ಹೆಚ್ಚಿನ ತಂದೆತಾಯಿಗೆ ಗೊತ್ತಿರುವುದಿಲ್ಲ. ಮಗುವಿನ ತೊಂದರೆ ಬೇಗ ಕಾಣುವುದು ಆಟದಲ್ಲಿ. ಹಿಂದಿನಿಂದ ಹೆಸರು ಕರೆದರೆ ತಿರುಗದ ಮಗು, ಎಸೆದ ಚೆಂಡನ್ನು ಹುಡುಕಲಾಗದ ಮಗು, ಜೊತೆಯವರ ಕಡೆ ನೋಡದೆ ಒಂದೇ ಚಕ್ರವನ್ನು ತಿರುಗಿಸುತ್ತಾ ಕೂರುವ ಮಗು, ಮೆಟ್ಟಿಲು ಹತ್ತಲು ಕಷ್ಟಪಡುವ ಮಗು, ಇವರನ್ನೆಲ್ಲ ನಾವು ಗುರುತಿಸುತ್ತಿದ್ದದ್ದು ಆಡುವಾಗಲೇ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಅಂಗನವಾಡಿಗೇ ಬರುತ್ತದೆ, ಅವರಿಗೆ ಇಂಥ ಮಕ್ಕಳನ್ನು ತೋರಿಸಬಹುದು. ಕಿವಿ ಕೇಳಿಸದ ಮಗುವೂ ಸಾಲಿನಲ್ಲಿ ಕೂತು ಬೋರ್ಡ್ ನೋಡಿ ಬರೆದುಬಿಡುತ್ತದೆ. ಆಗ ತೊಂದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಒಂದೆರಡು ವರ್ಷ ಹಾಗೇ ಕಳೆದುಹೋಗುತ್ತದೆ.

ಇದನ್ನೆಲ್ಲ ಸರ್ಕಾರವೂ ಒಪ್ಪಿದೆ. ಮಗುವಿನ ಮಿದುಳಿನ ಬೆಳವಣಿಗೆಯ ಶೇ 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳುತ್ತದೆ. ಮೂರರಿಂದ ಎಂಟು ವರ್ಷದ ಮಕ್ಕಳಿಗಾಗಿ 2022ರಲ್ಲಿ ಬಂದ ಪಠ್ಯಕ್ರಮ ಚೌಕಟ್ಟು ಆಟದ ಮೂಲಕವೇ ಕಲಿಕೆ ಅನ್ನುತ್ತದೆ. 2020ರ ಶಾಲಾ ಬ್ಯಾಗ್ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕದ ಮಕ್ಕಳಿಗೆ ಬ್ಯಾಗೇ ಇರಬಾರದು. ನಮ್ಮ ರಾಜ್ಯದ ಅಂಗನವಾಡಿಗಳ 'ಚಿಲಿಪಿಲಿ' ಪಠ್ಯಕ್ರಮವೂ ಆಟ, ಹಾಡು, ಕಥೆಗಳನ್ನೇ ನಂಬಿದ್ದು. ಇಷ್ಟಿದ್ದೂ ಬೆಳಗ್ಗೆ ಎಂಟೂವರೆಗೆ ಯಾವುದೇ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ನಿಂತು ನೋಡಿ, ಎಲ್‌ಕೆಜಿ ಮಕ್ಕಳ ಬೆನ್ನ ಮೇಲೆ ಬ್ಯಾಗ್ ಇದ್ದೇ ಇರುತ್ತದೆ.

ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮ ಬಂದಾಗ ಎಷ್ಟು ಜನ ತಕರಾರು ಮಾಡಿದರು ಅಂತ ನೆನಪಿದೆಯಲ್ವಾ? 2025-26ನೇ ಸಾಲಿಗೆ ಸರ್ಕಾರ ಅದನ್ನು ಐದು ವರ್ಷ ಐದು ತಿಂಗಳಿಗೆ ಸಡಿಲಿಸಬೇಕಾಯಿತು. ಒಂದು ವರ್ಷ ವೇಸ್ಟ್ ಆಗುತ್ತೆ ಅನ್ನುವುದೇ ಎಲ್ಲರ ಮಾತು. ಕೆಲವು ತಿಂಗಳು ಜಾಸ್ತಿ ಆಡಿದ ಮಗು ಏನನ್ನೂ ಕಳೆದುಕೊಳ್ಳುವುದಿಲ್ಲ. ಅಷ್ಟು ಬಲಿತು ಒಂದನೇ ತರಗತಿಗೆ ಹೋದರೆ ಆ ಮಗುವಿಗೂ ಸುಲಭ, ಕಲಿಸುವ ಮೇಷ್ಟ್ರಿಗೂ ಸುಲಭ.

ಅಂಗನವಾಡಿಗಳೆಲ್ಲ ಚೆನ್ನಾಗಿವೆ ಅಂತ ನಾನು ಹೇಳುತ್ತಿಲ್ಲ. ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ನಮ್ಮ ರಾಜ್ಯದಲ್ಲಿ 1975ರಲ್ಲಿ ಟಿ. ನರಸೀಪುರದಿಂದ ಶುರುವಾಯಿತು, ಈಗ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಎಷ್ಟೋ ಕಡೆ ಒಂದೇ ಕೋಣೆ. ಅಲ್ಲೇ ಅಡುಗೆ, ಅಲ್ಲೇ ರೇಷನ್ ಮೂಟೆ, ಅಲ್ಲೇ ಮಕ್ಕಳು ಮಲಗಬೇಕು. ಹೊರಗೆ ಆಡಿಸೋಣ ಅಂದರೆ ಕಾಂಪೌಂಡ್ ಇಲ್ಲ, ಎದುರಿಗೇ ರಸ್ತೆ. ಆಟಿಕೆ ಕಿಟ್ ಬಂದರೂ ಬೀರುವಿನಲ್ಲಿ ಬೀಗ ಹಾಕಿಡುವ ಕಾರ್ಯಕರ್ತೆಯರಿದ್ದಾರೆ, ಯಾಕೆಂದರೆ ಒಡೆದುಹೋದರೆ ತಪಾಸಣೆಗೆ ಬಂದವರು ಅವರನ್ನೇ ಕೇಳುತ್ತಾರೆ. ಮಕ್ಕಳು ಆಡಿ ಮುರಿದ ಆಟಿಕೆಯನ್ನು ಖರ್ಚು ಅಂತ ಬರೆದುಕೊಳ್ಳಲು ಅವಕಾಶ ಕೊಡಿ. ಇಷ್ಟು ಸಣ್ಣ ಬದಲಾವಣೆ ಮಾಡಿದರೆ ಎಷ್ಟೋ ಬೀರುಗಳ ಬೀಗ ತೆಗೆಯುತ್ತದೆ.

ಮೊಬೈಲ್ ಕೆಲಸವೂ ಹಾಗೇ. ಪೋಷಣ್ ಟ್ರ್ಯಾಕರ್ ಅನ್ನುವ ಸರ್ಕಾರದ ಆ್ಯಪ್‌ನಲ್ಲಿ ಹಾಜರಿ, ತೂಕ, ಎತ್ತರ ಎಲ್ಲ ಹಾಕಬೇಕು, ಮನೆಗೆ ಕೊಡುವ ಆಹಾರಕ್ಕೆ ಫಲಾನುಭವಿಯ ಮುಖದ ಫೋಟೊ ತೆಗೆಯಬೇಕು, ನೆಟ್‌ವರ್ಕ್ ಸಿಗಲಿಲ್ಲ ಅಂದರೆ ಕಾಯಬೇಕು. ಅದರ ಮೇಲೆ ಸರ್ವೆ, ಚುನಾವಣೆ ಕೆಲಸ. ದಿನಕ್ಕೆ ಕನಿಷ್ಠ ಎರಡು ಗಂಟೆ ಮಕ್ಕಳಿಗೆ ಕಲಿಸಬೇಕು ಅಂತ 2023ರಿಂದ ಹೇಳುತ್ತಿದ್ದಾರೆ, ಒಳ್ಳೆಯದೇ. ಆ ಎರಡು ಗಂಟೆ ಫೋನ್ ಮುಟ್ಟುವ ಹಾಗಿಲ್ಲ, ಮೀಟಿಂಗ್ ಕರೆಯುವ ಹಾಗಿಲ್ಲ ಅಂತಲೂ ಆದೇಶ ಮಾಡಲಿ.

ಮನೆಯ ಬಗ್ಗೆ ಎರಡು ಮಾತು. ಗಾರ್ಮೆಂಟ್ಸ್‌ನಿಂದ ಸುಸ್ತಾಗಿ ಬಂದ ತಾಯಿ ಮಗುವಿಗೆ ಮೊಬೈಲ್ ಕೊಟ್ಟು ಊಟ ಮಾಡಿಸಿದರೆ ಅವಳನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಆದರೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ಗೊತ್ತಿರಲಿ. ಮೂರು-ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸುತ್ತಿರಬೇಕು, ಅದರಲ್ಲಿ 60 ನಿಮಿಷವಾದರೂ ಓಟ, ಜಿಗಿತ ಇರಬೇಕು, ಸ್ಕ್ರೀನ್ ಮುಂದೆ ಒಂದು ಗಂಟೆಗಿಂತ ಜಾಸ್ತಿ ಕೂರಬಾರದು. ಇದಕ್ಕೆ ದುಡ್ಡು ಬೇಕಿಲ್ಲ. ಅವರೆಕಾಯಿ ಸುಲಿಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಖಾಲಿ ಡಬ್ಬ ಮತ್ತು ಮುಚ್ಚಳ ಕೊಡಿ, ಯಾವುದಕ್ಕೆ ಯಾವುದು ಅಂತ ಅವರೇ ಹುಡುಕಲಿ. ಅಪ್ಪಂದಿರೂ ಸಂಜೆ ಒಂದು ಅರ್ಧ ಗಂಟೆ ನೆಲದ ಮೇಲೆ ಕೂತು ಆಡಿ.

ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ನನ್ನದೊಂದು ಕೋರಿಕೆ. ನಿಮ್ಮ ತಾಲ್ಲೂಕಿನ ಖಾಸಗಿ ನರ್ಸರಿಗಳಿಗೆ ಒಮ್ಮೆ ಹೋಗಿ, ಮಕ್ಕಳ ಬ್ಯಾಗ್ ತೆಗೆಸಿ ನೋಡಿ, ಅಂಗಳ ಇದೆಯೇ ನೋಡಿ. ಗ್ರಾಮ ಪಂಚಾಯಿತಿಯವರು ಅಂಗನವಾಡಿಗೆ ಒಂದು ಬೇಲಿ, ಒಂದು ಲೋಡ್ ಮರಳು, ಎರಡು ನೆರಳಿನ ಗಿಡ ಕೊಡಿ. ತಂದೆತಾಯಿಯರೇ, ದಾಖಲಾತಿಗೆ ಹೋದಾಗ ಏನು ಬರೆಸ್ತೀರಾ ಅಂತ ಕೇಳುವ ಮೊದಲು, ಮಕ್ಕಳನ್ನು ದಿನಕ್ಕೆ ಎಷ್ಟು ಹೊತ್ತು ಹೊರಗೆ ಬಿಡ್ತೀರಾ, ಎಲ್ಲಿ ಆಡ್ತಾರೆ ಅಂತ ಕೇಳಿ, ಆ ಜಾಗವನ್ನು ಕಣ್ಣಾರೆ ನೋಡಿಯೇ ಫೀಸ್ ಕಟ್ಟಿ.

– ನಿವೃತ್ತ ಅಂಗನವಾಡಿ ಕಾರ್ಯಕರ್ತೆ, ತುಮಕೂರು ಜಿಲ್ಲೆ