ಕುರಿ ಡಿಪ್ಪಿನ ವಿಷಯವಾಗಿ ಗೆಳೆಯನಿಗೊಂದು ಪತ್ರ

ಕ್ಯಾನ್ಬೆರಾ

ಪ್ರಿಯ ಗೆಳೆಯನಿಗೆ ನಮಸ್ಕಾರಗಳು.

ಆಸ್ಟ್ರೇಲಿಯಾದ ಹಳೆಯ ಕುರಿ ಎಸ್ಟೇಟುಗಳಲ್ಲಿ ನೋಡತಕ್ಕದ್ದು ಏನಿದೆ ಎಂದು ನೀನು ಕೇಳಿದ್ದೆ. ಉಣ್ಣೆ ಕತ್ತರಿಸುವ ಕೊಟ್ಟಿಗೆಗಳನ್ನು ನೋಡು ಎಂದು ಇಲ್ಲಿ ಯಾರಾದರೂ ಹೇಳಿಯಾರು. ಮೆನಿಂಡಿ ಊರಿನ ಬಳಿ 1875ರಲ್ಲಿ ಕಟ್ಟಿದ ಕಿಂಚೆಗಾ ಎಸ್ಟೇಟಿನ ಕೊಟ್ಟಿಗೆಯಲ್ಲಿ 1967ರವರೆಗೆ ಸುಮಾರು 60 ಲಕ್ಷ ಕುರಿಗಳ ಉಣ್ಣೆ ಇಳಿಯಿತಂತೆ. ಅದೀಗ ರಾಷ್ಟ್ರೀಯ ಉದ್ಯಾನದೊಳಗೆ ಜೋಪಾನವಾಗಿದೆ. ಆದರೆ ನನ್ನನ್ನು ಕೇಳಿದರೆ, ಇಂಥ ಎಸ್ಟೇಟುಗಳಲ್ಲಿ ಕುರಿದೊಡ್ಡಿಯ ಮಗ್ಗುಲಲ್ಲಿ ಹುಲ್ಲು ಮುಚ್ಚಿಕೊಂಡು ಬಿದ್ದಿರುವ ಸಿಮೆಂಟಿನ ಇಕ್ಕಟ್ಟು ಕಾಲುವೆಯನ್ನೇ ಮೊದಲು ಹುಡುಕು ಎನ್ನುತ್ತೇನೆ. ಕುರಿಗಳನ್ನು ಮದ್ದಿನ ನೀರಿನಲ್ಲಿ ಮುಳುಗಿಸಿ ಎಬ್ಬಿಸುತ್ತಿದ್ದ ಡಿಪ್ಪು ಅದು.

ಅದರ ರಚನೆಯಲ್ಲಿ ವ್ಯರ್ಥವಾದ ಒಂದು ಅಂಗುಲವೂ ಇಲ್ಲ. ಕುರಿ ಹಿಂದಕ್ಕೆ ತಿರುಗಲಾರದಷ್ಟು ಅಗಲ, ಕಾಲು ನೆಲಕ್ಕೆ ತಾಗದಷ್ಟು ಆಳ. ಒಂದು ತುದಿಯಲ್ಲಿ ತಳ್ಳಿದ ಕುರಿ ಈಜುತ್ತ ಸಾಗುವಾಗ, ದಡದಲ್ಲಿ ನಿಂತ ಆಳು ಉದ್ದನೆಯ ಕವೆಗೋಲಿನಿಂದ ಅದರ ತಲೆಯನ್ನು ಒಮ್ಮೆ ಒತ್ತಿ ಮುಳುಗಿಸುತ್ತಿದ್ದ, ಏಕೆಂದರೆ ಕಿವಿಯ ಸಂದಿಯಲ್ಲಿ ಉಳಿದ ಹುಳುವೊಂದೇ ಇಡೀ ಮಂದೆಗೆ ಮತ್ತೆ ಹಬ್ಬಲು ಸಾಕು. ಇನ್ನೊಂದು ತುದಿಯಲ್ಲಿ ಕಾಲು ಜಾರದಂತೆ ಗೀರು ಹಾಕಿದ ಇಳಿಜಾರು. ಅದನ್ನು ಹತ್ತಿದ ಕುರಿಗಳು ಇಳುಕಲು ನೆಲದ ದೊಡ್ಡಿಯಲ್ಲಿ ನಿಂತು ಮೈಯ ನೀರು ಸೋರಿಸಿಕೊಳ್ಳುತ್ತಿದ್ದವು, ಆ ನೀರು ಹರಿದು ಪುನಃ ತೊಟ್ಟಿಗೇ ಸೇರುತ್ತಿತ್ತು. ಉಣ್ಣೆ ಕತ್ತರಿಸಿ, ಕತ್ತರಿ ತಾಗಿದ ಗಾಯಗಳು ಮಾಗಿದ ಮೇಲೆಯೇ ಈ ಕೆಲಸ. ಬಾಯಾರಿದ ಕುರಿ ವಿಷದ ನೀರನ್ನು ಕುಡಿದುಬಿಟ್ಟೀತೆಂದು ಮೊದಲು ಹೊಟ್ಟೆತುಂಬ ಒಳ್ಳೆಯ ನೀರು ಕುಡಿಸಬೇಕಾಗಿತ್ತು.

ಇಷ್ಟೆಲ್ಲ ಶ್ರಮಕ್ಕೆ ಮೂಲ ಕಾರಣ ಕಣ್ಣಿಗೆ ಸರಿಯಾಗಿ ಕಾಣದ ಒಂದು ನುಸಿ. ಅದರಿಂದ ಬರುವ ಕುರಿಕಜ್ಜಿ 19ನೇ ಶತಮಾನದಲ್ಲಿ ಇಲ್ಲಿನ ಮಂದೆಗಳನ್ನು ಹಣ್ಣುಮಾಡಿತ್ತು. ಹೊಗೆಸೊಪ್ಪಿನ ಕಷಾಯ, ಗಂಧಕ, ಸುಣ್ಣ ಮೊದಲ ಮದ್ದುಗಳು. ಇಂಗ್ಲೆಂಡಿನ ಬರ್ಕಮ್‌ಸ್ಟೆಡ್ ಊರಿನ ಪಶುವೈದ್ಯ ವಿಲಿಯಂ ಕೂಪರ್ 1852ರ ಸುಮಾರಿಗೆ ಆರ್ಸೆನಿಕ್ ಎಂಬ ವಿಷ ಮತ್ತು ಗಂಧಕ ಬೆರೆಸಿದ ಪುಡಿಯನ್ನು ಮಾರತೊಡಗಿದ. ಕುರಿ ಇದ್ದ ದೇಶಗಳಿಗೆಲ್ಲ ಅದು ಹೋಯಿತು. ಕಟ್ಟುನಿಟ್ಟಿನ ಕಾನೂನು, ರೋಗ ತಗುಲಿದ ಮಂದೆಗಳ ವಧೆ, ಡಿಪ್ಪು ಇವೆಲ್ಲ ಸೇರಿ 19ನೇ ಶತಮಾನ ಮುಗಿಯುವುದರೊಳಗೆ ಕಜ್ಜಿ ಈ ಖಂಡದಿಂದಲೇ ತೊಲಗಿತು. ಹೇನು ಮಾತ್ರ ಉಳಿಯಿತು. ಅದಕ್ಕಾಗಿ ಡಿಪ್ಪೂ ಉಳಿಯಿತು. ಎರಡನೆಯ ಮಹಾಯುದ್ಧದ ನಂತರ ಡಿಡಿಟಿ, ಡೀಲ್ಡ್ರಿನ್ ಎಂಬ ಕೀಟನಾಶಕಗಳು ಬಂದವು. ಬೆನ್ನಿನ ಮೇಲೆ ಒಂದು ಗೆರೆ ಸುರಿದರೆ ಸಾಕೆನ್ನುವ ಮದ್ದು 1980ರ ದಶಕದಲ್ಲಿ ಬಂದಾಗ ಅನೇಕರು ತೊಟ್ಟಿಯನ್ನು ಹಾಗೆಯೇ ಬಿಟ್ಟು ನಡೆದರು.

ಬಿಟ್ಟು ನಡೆದದ್ದು ತೊಟ್ಟಿಯೊಂದನ್ನೇ ಅಲ್ಲ. ತಳದಲ್ಲಿ ಕೂತ ಕೆಸರನ್ನು ಗೋರಿ ಪಕ್ಕದಲ್ಲೇ ಸುರಿಯುವುದು ವಾಡಿಕೆಯಾಗಿತ್ತು. ಆರ್ಸೆನಿಕ್ ಮೂಲಧಾತುವಾದ್ದರಿಂದ ಕೊಳೆಯುವುದಿಲ್ಲ, ಒಡೆಯುವುದಿಲ್ಲ. ಮಣ್ಣಿಗೆ ಅಂಟಿಕೊಂಡು ನೂರು ವರ್ಷವಾದರೂ ಇರುತ್ತದೆ. ನಾನಿರುವ ಈ ರಾಜಧಾನಿಯೇ ಕುರಿ ಮೇಯುತ್ತಿದ್ದ ನೆಲದ ಮೇಲೆ ಎದ್ದದ್ದು. ಇಲ್ಲಿನ ಥಿಯೋಡೋರ್ ಬಡಾವಣೆಯಲ್ಲಿ, ಮನೆಗಳನ್ನು ಕಟ್ಟಿಯಾದ ಮೇಲೆ, ಹಳೆಯ ಡಿಪ್ಪಿನ ವಿಷ ಮಣ್ಣಿನಲ್ಲಿ ಪತ್ತೆಯಾಯಿತು.

ಪರಂಪರೆಯ ರಕ್ಷಣೆ ತೊಡಕಾಗುವುದು ಇಲ್ಲಿಯೇ. 1979ರಲ್ಲಿ ಬರ್ರಾ ಎಂಬ ಹಳೆಯ ತಾಮ್ರದ ಗಣಿಯೂರಿನಲ್ಲಿ ಅಂಗೀಕಾರವಾಗಿ, ಇಂದಿಗೂ ಇಲ್ಲಿನ ಸ್ಮಾರಕ ರಕ್ಷಣೆಗೆ ಆಧಾರವಾಗಿರುವ ಸನ್ನದು, ಹಳೆಯದನ್ನು ಅಗತ್ಯವಿದ್ದಷ್ಟು ಮಾತ್ರ ಮುಟ್ಟಬೇಕೆನ್ನುತ್ತದೆ. ಆರೋಗ್ಯದ ದೃಷ್ಟಿಯಿಂದ ನೋಡುವವರು ಮಣ್ಣನ್ನೆಲ್ಲ ಅಗೆದು ಸಾಗಿಸಿ ಎನ್ನುತ್ತಾರೆ. ಮನೆಗಳ ನಡುವೆ ಇದ್ದರೆ ಅಗೆದು ತೆಗೆಯಲೇಬೇಕು, ಅದರಲ್ಲಿ ನನಗೆ ಎರಡನೆಯ ಮಾತಿಲ್ಲ. ಆದರೆ ದೂರದ ಎಸ್ಟೇಟಿನಲ್ಲಿ ಒಂಟಿಯಾಗಿರುವುದನ್ನು ತೊಳೆದು, ಹೂಗಿಡ ನೆಟ್ಟು, ಚಿತ್ರ ತೆಗೆಸಿಕೊಳ್ಳುವ ತಾಣವನ್ನಾಗಿ ಮಾಡುವುದಕ್ಕಿಂತ, ಬೇಲಿ ಹಾಕಿ, ಮಳೆನೀರು ಅದರ ಮೇಲೆ ಹರಿದು ಹಳ್ಳ ಸೇರದಂತೆ ತಿರುಗಿಸಿ, ಒಳಗೆ ಏನಿದೆ ಎಂದು ಫಲಕದಲ್ಲಿ ಸ್ಪಷ್ಟವಾಗಿ ಬರೆದಿಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಉಣ್ಣೆಯ ಸಂಪತ್ತಿನ ಕಥೆಯನ್ನು ಕೊಟ್ಟಿಗೆಗಳು ಬೇಕಾದಷ್ಟು ಹೇಳುತ್ತವೆ. ಆ ಸಂಪತ್ತಿಗಾಗಿ ಮೂಲನಿವಾಸಿಗಳಿಂದ ಕಸಿದ ನೆಲಕ್ಕೆ ಏನನ್ನು ಸುರಿದರು, ದಿನವಿಡೀ ಕವೆಗೋಲು ಹಿಡಿದು ಆ ನೀರಿನ ಸಿಡಿತದಲ್ಲಿ ನಿಂತ ಕೂಲಿಯಾಳುಗಳ ಪಾಡೇನು ಎಂಬುದನ್ನು ಫಲಕ ಬರೆಯುವವರು ಬಿಡಬಾರದು.

ಚಳ್ಳಕೆರೆಯ ಕಡೆ ನಿಮ್ಮವರು ಉಣ್ಣೆ ಕತ್ತರಿಸುವ ಮುಂಚೆ ಕುರಿಗಳನ್ನು ಹಳ್ಳದ ನೀರಿನಲ್ಲಿ ಮೀಯಿಸುತ್ತಿದ್ದುದನ್ನು ನೀನು ಹೇಳುತ್ತಿದ್ದೆ. ಇಲ್ಲಿಯೂ ಮೊದಲು ಹೊಳೆಯಲ್ಲಿ ತೊಳೆಯುತ್ತಿದ್ದರು. ನಿಮ್ಮ ಸುತ್ತಿನ ಯಾವುದಾದರೂ ಹಳೆಯ ಕುರಿ ಫಾರಂನಲ್ಲಿ ಇಂಥ ತೊಟ್ಟಿ ಇದ್ದರೆ, ಅದರಲ್ಲಿ ಯಾವ ಮದ್ದು ಹಾಕುತ್ತಿದ್ದರು, ಕೆಸರನ್ನು ಎಲ್ಲಿ ಚೆಲ್ಲುತ್ತಿದ್ದರು ಎಂದು ಅಲ್ಲಿ ಕೆಲಸ ಮಾಡಿದ ಹಿರಿಯರನ್ನು ವಿಚಾರಿಸಿ ಬರೆ. ಆ ಜಾಗದಲ್ಲಿ ಈಗ ಯಾರಾದರೂ ತರಕಾರಿ ಬೆಳೆಯುತ್ತಿದ್ದರೆ ಮೊದಲು ಮಣ್ಣು ಪರೀಕ್ಷೆ ಮಾಡಿಸಲು ಹೇಳು.

ಇಂತಿ ನಿನ್ನ ಗೆಳೆಯ