ಸಿಯಾಟಲ್‌ನಿಂದ ಬಂದವಳಿಗೆ ಟಿ.ಸಿ. ಎಲ್ಲಿಂದ ತರೋದು?

ಸಂಪಾದಕರಿಗೆ ನಮಸ್ಕಾರ,

ನನ್ನ ಮೊಮ್ಮಗಳು ಅಮೆರಿಕದ ಸಿಯಾಟಲ್‌ನಲ್ಲಿ ಎಂಟನೇ ಕ್ಲಾಸ್ ಮುಗಿಸಿ ಬೆಂಗಳೂರಿಗೆ ಬಂದಳು. ಅಲ್ಲಿ ಶಾಲೆ ಮುಗಿಯುವುದೇ ಜೂನ್‌ನಲ್ಲಿ. ಅಷ್ಟರಲ್ಲಿ ಇಲ್ಲಿ ಒಂಬತ್ತನೇ ಕ್ಲಾಸಿನ ಎರಡು ಪಾಠ ಆಗಿಹೋಗಿದ್ದವು. ಅದು ಹೋಗಲಿ ಬಿಡಿ. ಮನೆ ಹತ್ತಿರದ ಶಾಲೆಯೊಂದು ಟಿ.ಸಿ. ತನ್ನಿ ಎಂದು ಮೂರು ಸಲ ಓಡಾಡಿಸಿತು. ಅಮೆರಿಕದಲ್ಲಿ ನಮ್ಮ ಥರ ಟಿ.ಸಿ. ಕೊಡುವ ರೂಢಿ ಇಲ್ಲ, ಅಂಕಗಳ ದಾಖಲೆ ಕೊಡುತ್ತಾರೆ ಅಷ್ಟೇ. ಆಫೀಸಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ, ‘ಸೀಲ್ ಎಲ್ಲಿ ಅಮ್ಮಾ?’ ಎಂದರು.

ಸೇರಿದ ಮೇಲೆ ಬೇರೆ ಪಜೀತಿ. ಒಂದು ಲಕ್ಷವನ್ನು 100,000 ಎಂದು ಬರೆದಳು, ಕೆಂಪು ಗೆರೆ. ತಾರೀಖಿನಲ್ಲಿ ತಿಂಗಳು ಮೊದಲು ಹಾಕಿದಳು, ಅದಕ್ಕೂ ಗೆರೆ. ಕನ್ನಡ ಅರಳು ಹುರಿದಂತೆ ಮಾತಾಡುತ್ತಾಳೆ, ಒತ್ತಕ್ಷರ ಬಂದರೆ ಪೆನ್ನು ನಿಲ್ಲುತ್ತದೆ. ‘ಸ್ವಾತಂತ್ರ್ಯ’ ತೋರಿಸಿ, ‘ಅಜ್ಜಿ, ಕೆಳಗೆ ನೇತಾಡ್ತಿರೋದೆಲ್ಲ ಏನು?’ ಎಂದಳು. ನಗಬೇಕೋ ಅಳಬೇಕೋ!

2015ರ ಕಾಯ್ದೆಯಿಂದ ಶಾಲೆಗಳಲ್ಲಿ ಕನ್ನಡ ಕಲಿಕೆ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ಒಂದನೇ ಕ್ಲಾಸಿನಿಂದ ಕಲಿತವರಿಗೂ, ಹದಿನಾಲ್ಕನೇ ವಯಸ್ಸಿಗೆ ಅ ಆ ತಿದ್ದುವವಳಿಗೂ ಒಂದೇ ಪುಸ್ತಕ ಅಂದ್ರೆ ಹೇಗೆ?

ಹೊರದೇಶದಿಂದ ಬಂದ ಮಕ್ಕಳಿಗೆ ಯಾವ ಕಾಗದ ಸಾಕು ಎಂದು ಶಿಕ್ಷಣ ಇಲಾಖೆ ಪ್ರತಿ ಶಾಲೆಯ ಬೋರ್ಡಿನಲ್ಲಿ ಹಾಕಿಸಲಿ. ವಾರಕ್ಕೆ ಎರಡು ಸಂಜೆ ಕನ್ನಡ ಹೇಳಿಕೊಡುವ ಏರ್ಪಾಡೂ ಆಗಲಿ. ರಿಟೈರಾದ ಮೇಷ್ಟ್ರುಗಳು ನಮ್ಮ ಪಾರ್ಕಿನಲ್ಲೇ ಬೇಕಾದಷ್ಟು ಜನ ಸುಮ್ನೆ ಕೂತಿದ್ದಾರೆ. ನಾನೂ ಬರುತ್ತೇನೆ.

– ಒಬ್ಬ ಅಜ್ಜಿ, ರಾಜಾಜಿನಗರ, ಬೆಂಗಳೂರು